ಸಿಡ್ನಿಯಲ್ಲಿ ಕೊಲೆ, ಪರ್ತ್‌ನಲ್ಲಿ ಕಿವಿ: ಆಸ್ಟ್ರೇಲಿಯಾದ ಪತ್ತೇದಾರಿ ಬಾನುಲಿ ನಾಟಕಗಳ ಏಳುಬೀಳು

ಸಿಡ್ನಿಯಲ್ಲಿ ಟೆಲಿವಿಷನ್ ಶುರುವಾದದ್ದು 1956ರ ಸೆಪ್ಟೆಂಬರ್ 16ರಂದು. ಮೆಲ್ಬರ್ನ್‌ಗೂ ಅದೇ ವರ್ಷದ ನವೆಂಬರಿನಲ್ಲಿ ಬಂತು. ಬ್ರಿಸ್ಬೇನ್ ಮಾತ್ರ 1959ರ ಆಗಸ್ಟ್ 16ರವರೆಗೆ ಕಾಯಬೇಕಾಯಿತು, ಅಡಿಲೇಡ್ ಸೆಪ್ಟೆಂಬರ್ 5ರವರೆಗೆ, ಪರ್ತ್ ಅಕ್ಟೋಬರ್ 16ರವರೆಗೆ. ದೇಶದ ಎರಡು ದೊಡ್ಡ ಊರುಗಳು ಚಿತ್ರದ ಪೆಟ್ಟಿಗೆಯ ಮುಂದೆ ಕೂತಿದ್ದಾಗ ಈ ಮೂರು ರಾಜಧಾನಿಗಳ ಸಂಜೆಗಳು ಸುಮಾರು ಮೂರು ವರ್ಷ ರೇಡಿಯೊ ಪಾಲಿಗೇ ಉಳಿದಿದ್ದವು. ಬಾನುಲಿ ನಾಟಕದ ಚರಿತ್ರೆ ಬರೆಯುವವರಿಗೆ ಇಂಥ ಅಂತರ ಸುಲಭಕ್ಕೆ ಸಿಗುವುದಿಲ್ಲ. ಒಂದೇ ದೇಶ, ಒಂದೇ ಭಾಷೆ, ಒಂದೇ ಧಾರಾವಾಹಿಗಳು. ಎರಡು ಊರುಗಳಲ್ಲಿ ಟಿವಿ ಉಂಟು, ಮೂರರಲ್ಲಿ ಇಲ್ಲ.

ರೇಡಿಯೊದ ಸುವರ್ಣಯುಗ ಎಂದೊಡನೆ ನೆನಪಾಗುವುದು ಅಮೆರಿಕದ ‘ಸಸ್ಪೆನ್ಸ್’, ‘ದಿ ಶ್ಯಾಡೋ’, ‘ಇನ್ನರ್ ಸ್ಯಾಂಕ್ಟಮ್’, ಇಲ್ಲವೇ ಬ್ರಿಟನ್ನಿನ ‘ಪಾಲ್ ಟೆಂಪಲ್’. ಆಸ್ಟ್ರೇಲಿಯಾದಲ್ಲೂ 1930ರ ದಶಕದ ನಡುವಿನಿಂದ 1960ರವರೆಗೆ ಅಂಥದೇ ಒಂದು ದೊಡ್ಡ ಉದ್ಯಮವಿತ್ತು. ಅದು ಬೆಳೆದದ್ದು ಹೇಗೆ, ಅದರಲ್ಲಿ ಸ್ವಂತದ್ದೆಷ್ಟು, ಎರವಲೆಷ್ಟು, ಕೊನೆಗೆ ಅದನ್ನು ಮುಗಿಸಿದವರು ಯಾರು ಎಂಬ ವಿಷಯದಲ್ಲಿ ಬರೆದವರೆಲ್ಲ ಒಂದೇ ಮಾತು ಹೇಳುವುದಿಲ್ಲ. ಬಹುಪಾಲು ಬರವಣಿಗೆ ಸಿಡ್ನಿ, ಮೆಲ್ಬರ್ನ್‌ಗಳ ಸ್ಟುಡಿಯೋಗಳೊಳಗೆ ನಿಂತು ನೋಡಿದ್ದು. ಕೇಳುತ್ತಿದ್ದ ಊರುಗಳ ಕಡೆಯಿಂದ ನೋಡಿದರೆ ಇದೇ ಕಥೆಗೆ ಬೇರೆ ರೂಪ ಬರುತ್ತದೆ ಎಂಬುದು ನನ್ನ ನಂಬಿಕೆ.

ತಟ್ಟೆಯ ಮೇಲೆ ಬಂದ ಕೊಲೆಗಾರ

ಮೂರು ಊರುಗಳಲ್ಲಿ ರೇಡಿಯೊ ಹುಟ್ಟಿದ್ದು ಮೂರು ಬಗೆಯಲ್ಲಿ. ಪರ್ತ್‌ನ 6ಡಬ್ಲ್ಯುಎಫ್ ಕೇಂದ್ರವನ್ನು 1924ರಲ್ಲಿ ಆರಂಭಿಸಿದ್ದು ವೆಸ್ಟ್ರೇಲಿಯನ್ ಫಾರ್ಮರ್ಸ್ ಎಂಬ ರೈತರ ಸಂಸ್ಥೆ. ದೂರದ ಗೋಧಿ ಹೊಲಗಳ ಒಕ್ಕಲುಗಳಿಗೆ ಧಾರಣೆ, ಹವಾಮಾನ ತಿಳಿಸುವುದು ಅದರ ಮುಖ್ಯ ಕೆಲಸವಾಗಿತ್ತು. ಅಡಿಲೇಡಿನ 5ಸಿಎಲ್ ಅದೇ ವರ್ಷ ಖಾಸಗಿ ಕಂಪನಿಯಾಗಿ ಶುರುವಾಯಿತು. ಬ್ರಿಸ್ಬೇನಿನ 4ಕ್ಯುಜಿಯನ್ನು 1925ರಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರವೇ ನಡೆಸಿತು. 1932ರ ಜುಲೈ 1ರಂದು ರಾಷ್ಟ್ರೀಯ ಬಾನುಲಿ ಸಂಸ್ಥೆ ಎಬಿಸಿ ಸ್ಥಾಪನೆಯಾದಾಗ ಈ ಮೂರೂ ಅದರ ತೆಕ್ಕೆಗೆ ಬಂದವು. ಪಕ್ಕದಲ್ಲೇ ಜಾಹೀರಾತಿನ ಮೇಲೆ ಬದುಕುವ ಖಾಸಗಿ ಕೇಂದ್ರಗಳು ತಲೆಯೆತ್ತಿದವು. ಅಡಿಲೇಡಿನ 5ಎಡಿ ‘ಅಡ್ವರ್ಟೈಸರ್’ ಪತ್ರಿಕೆಯದಾದರೆ ಪರ್ತ್‌ನ 6ಎಂಎಲ್ ಮಸ್‌ಗ್ರೋವ್ಸ್ ಎಂಬ ವಾದ್ಯಗಳ ಅಂಗಡಿಯದು. ಪತ್ತೇದಾರಿ ಧಾರಾವಾಹಿಗಳು ಹುಲುಸಾಗಿ ಬೆಳೆದದ್ದು ಈ ಖಾಸಗಿ ಕೇಂದ್ರಗಳಲ್ಲಿ.

ದೂರದ ಊರುಗಳಿಗೆ ನಾಟಕವನ್ನು ತಲುಪಿಸುವುದೇ ಸಮಸ್ಯೆ. ಪರ್ತ್ ಮತ್ತು ಅಡಿಲೇಡ್ ನಡುವೆ ದೂರವಾಣಿ ತಂತಿ ಎಳೆದದ್ದೇ 1930ರ ಕೊನೆಗೆ. ಅದರ ಮೂಲಕ ಪ್ರತಿ ರಾತ್ರಿ ನಾಟಕ ಕಳಿಸುವುದು ದುಬಾರಿ. ಕಳಿಸಿದರೂ ಗಡಿಯಾರದ ತೊಡಕು: ಸಿಡ್ನಿಯ ರಾತ್ರಿ ಎಂಟು ಗಂಟೆ ಪರ್ತ್‌ಗೆ ಸಂಜೆ ಆರು, ಅಡಿಲೇಡಿಗೆ ಏಳೂವರೆ. ಬೆವರಿಳಿಸುವ ಕೊಲೆಯ ಕಥೆಯನ್ನು ಬಿಸಿಲಿರುವಾಗಲೇ, ಮಕ್ಕಳ ಊಟದ ಹೊತ್ತಿಗೆ ಕೇಳಿಸಿದರೆ ಏನು ಬಂತು?

ಇದಕ್ಕೆ ಪರಿಹಾರವಾಗಿ ಬಂದದ್ದು ಹದಿನಾರು ಅಂಗುಲದ ಮುದ್ರಿಕೆ. ಮನೆಯ ಗ್ರಾಮಫೋನ್ ಪ್ಲೇಟಿಗಿಂತ ದೊಡ್ಡದಾದ ಈ ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತಿತ್ತು. ಒಂದು ಮಗ್ಗುಲಿಗೆ ಒಂದು ಕಾಲು ಗಂಟೆಯ ಕಂತು. ಸ್ಟುಡಿಯೋದಲ್ಲಿ ನಟರು ಆಡಿದ್ದು ನೇರ ತಟ್ಟೆಯ ಮೇಲೆ ಕೊರೆದು ಇಳಿಯುತ್ತಿದ್ದುದರಿಂದ ಕತ್ತರಿಸಿ ಅಂಟಿಸುವ ಮಾತೇ ಇಲ್ಲ. ಹನ್ನೆರಡನೆಯ ನಿಮಿಷದಲ್ಲಿ ಯಾರಾದರೂ ತೊದಲಿದರೆ ಹೊಸ ತಟ್ಟೆ ಇಟ್ಟು ಮೊದಲಿನಿಂದ ಶುರು. ನಟರು ಒಂದೇ ಮೈಕಿನ ಸುತ್ತ ನಿಂತು ಸದ್ದಾಗದಂತೆ ಹಾಳೆ ಮಗುಚುತ್ತಿದ್ದರು. ಪಕ್ಕದಲ್ಲಿ ಸದ್ದಿನವನು: ಕುದುರೆಯ ಗೊರಸಿಗೆ ತೆಂಗಿನ ಕರಟ, ಬೆಂಕಿಯ ಚಟಪಟಕ್ಕೆ ಮುದುಡಿದ ಸೆಲ್ಲೋಫೇನ್ ಹಾಳೆ, ಹಿಂಬಾಲಿಸುವ ಹೆಜ್ಜೆಗೆ ಜಲ್ಲಿ ತುಂಬಿದ ತಟ್ಟೆ. ಹೀಗೆ ತಯಾರಾದ ಮುದ್ರಿಕೆಯ ಪ್ರತಿಗಳು ಊರೂರಿಗೆ ಹೋಗುತ್ತಿದ್ದವು. ಆಯಾ ಕೇಂದ್ರ ತನಗೆ ಅನುಕೂಲವಾದ ದಿನ, ವೇಳೆಗೆ ಅದನ್ನು ಹಾಕುತ್ತಿತ್ತು. ಸಿಡ್ನಿಯವರಿಗೆ ಕೊಲೆಗಾರ ಯಾರೆಂದು ಗೊತ್ತಾಗಿ ತಿಂಗಳುಗಳಾದರೂ ಬ್ರಿಸ್ಬೇನಿನಲ್ಲಿ ಊಹೆ ನಡೆದೇ ಇರುತ್ತಿತ್ತು. ದೇಶವೆಲ್ಲ ಒಂದೇ ಘಳಿಗೆಯಲ್ಲಿ ಒಂದೇ ಕಥೆ ಕೇಳುತ್ತಿತ್ತು ಎಂದು ಬಾನುಲಿಯ ಬಗ್ಗೆ ಹೇಳುವ ಮಾತು ಮುದ್ರಿಕೆಯ ಧಾರಾವಾಹಿಗಳಿಗೆ ಅನ್ವಯಿಸುವುದಿಲ್ಲ.

ಸಾಬೂನಿನ ಲೆಕ್ಕ

ಈ ನಾಟಕಗಳು ಬೆಳೆದದ್ದಕ್ಕೆ ಜಾಹೀರಾತೇ ಕಾರಣ ಎಂಬುದು ಮೊದಲ ವಾದ. ಕೋಲ್ಗೇಟ್-ಪಾಮೋಲಿವ್ ಕಂಪನಿ ತನ್ನದೇ ರೇಡಿಯೊ ಘಟಕ ಕಟ್ಟಿಕೊಂಡಿತ್ತು. ಲಕ್ಸ್ ಸಾಬೂನಿನ ಹೆಸರಿನಲ್ಲೇ ‘ಲಕ್ಸ್ ರೇಡಿಯೊ ಥಿಯೇಟರ್’ ನಡೆಯುತ್ತಿತ್ತು. ಪ್ರಾಯೋಜಕನಿಗೆ ಬೇಕಾದದ್ದು ಕೇಳುಗ ನಾಳೆಯೂ ಬರುವುದು. ಹಾಗೆ ಎಳೆದು ತರುವುದಕ್ಕೆ ಕಂತಿನ ಕೊನೆಯಲ್ಲಿ ಬಾಗಿಲು ಕಿರುಗುಟ್ಟಿಸಿ ನಿಲ್ಲಿಸುವ ಕಥೆಗಿಂತ ಒಳ್ಳೆಯ ಉಪಾಯ ಬೇರೆಯಿಲ್ಲ. ಲೆಸ್ಲಿ ಜಾನ್ಸನ್ 1988ರಲ್ಲಿ ಬರೆದ ‘ದಿ ಅನ್‌ಸೀನ್ ವಾಯ್ಸ್’ ಇದನ್ನು ಇನ್ನೂ ಆಳಕ್ಕೆ ಒಯ್ಯುತ್ತದೆ. ಖಾಸಗಿ ರೇಡಿಯೊ ಸರಕು ಮಾರಿದ್ದರ ಜೊತೆಗೆ ಮನೆಯೊಳಗಿನ ಹೆಂಗಸನ್ನು ‘ಕೇಳುಗಳು’ ಎಂಬ ಹೊಸ ಪಾತ್ರವಾಗಿ ರೂಪಿಸಿತು, ಅವಳ ದಿನಚರಿಗೇ ಒಂದು ವೇಳಾಪಟ್ಟಿ ಹೊಂದಿಸಿತು ಎಂಬುದು ಆ ವಿವೇಚನೆಯ ದಿಕ್ಕು.

ಕನ್ನಡ ಓದುಗರಿಗೆ ಈ ವಾದ ಒಪ್ಪಿತವಾಗಲು ನಮ್ಮದೇ ಕಾರಣವಿದೆ. ನಮ್ಮಲ್ಲಿ ಬಾನುಲಿ ಸರ್ಕಾರದ್ದಾಗಿತ್ತು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಸ್ವಂತ ಆಸಕ್ತಿಯಿಂದ ಆಕಾಶವಾಣಿ ಕಟ್ಟಿದರೂ ಅದು ವ್ಯಾಪಾರಕ್ಕೆ ನಿಂತದ್ದಲ್ಲ. ಕನ್ನಡದ ಪತ್ತೇದಾರ ಬೆಳೆದದ್ದು ಎನ್. ನರಸಿಂಹಯ್ಯನವರ ಕಾದಂಬರಿಗಳಲ್ಲಿ, ಬಾಡಿಗೆಗೆ ಪುಸ್ತಕ ಕೊಡುವ ಲೈಬ್ರರಿಗಳ ಕಪಾಟಿನಲ್ಲಿ. ವಿವಿಧ ಭಾರತಿ ಜಾಹೀರಾತಿಗೆ ತೆರೆದುಕೊಂಡದ್ದು 1967ರಲ್ಲಿ. ಆಮೇಲೆ ಅಲ್ಲಿ ಹೆಸರಾದ ಹಿಂದಿಯ ‘ಇನ್ಸ್‌ಪೆಕ್ಟರ್ ಈಗಲ್’ ತನ್ನ ಹೆಸರನ್ನೇ ಫ್ಲಾಸ್ಕ್ ತಯಾರಿಸುವ ಪ್ರಾಯೋಜಕರಿಂದ ಪಡೆದಿತ್ತು. ಜಾಹೀರಾತು ಬಂದ ಬೆನ್ನಿಗೇ ಪತ್ತೇದಾರನೂ ಬಂದ ಎನ್ನಬಹುದು.

ಆದರೆ ಬ್ರಿಟನ್ನಿನತ್ತ ತಿರುಗಿದರೆ ಈ ವಾದ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಬಿಬಿಸಿಗೆ ಸಾಬೂನೂ ಇಲ್ಲ, ಪ್ರಾಯೋಜಕನೂ ಇಲ್ಲ. ಆದರೂ 1938ರಿಂದ ಅಲ್ಲಿ ಫ್ರಾನ್ಸಿಸ್ ಡರ್ಬ್ರಿಡ್ಜ್‌ನ ಪಾಲ್ ಟೆಂಪಲ್ ಇದ್ದ. 1946ರಿಂದ 1951ರವರೆಗೆ ವಾರದ ದಿನಗಳ ಸಂಜೆ ಕಾಲು ಗಂಟೆ ‘ಡಿಕ್ ಬಾರ್ಟನ್’ ದೇಶವನ್ನೇ ಹಿಡಿದು ಕೂರಿಸಿತ್ತು. ಹಣ ಕಥೆಯನ್ನು ಉದ್ದ ಮಾಡಬಲ್ಲದು, ನಾಳೆಗೆ ಎಳೆಯಬಲ್ಲದು. ಹಸಿವು ಮಾತ್ರ ಕೇಳುಗರದೇ.

ಎರವಲೋ, ಸ್ವಂತವೋ?

ಚರ್ಚೆಯ ತಿರುಳಿರುವುದು ಇಲ್ಲಿ. 1930ರ ದಶಕದಲ್ಲಿ ಆಸ್ಟ್ರೇಲಿಯಾದ ಖಾಸಗಿ ಕೇಂದ್ರಗಳು ಅಮೆರಿಕದ ಮುದ್ರಿಕೆಗಳನ್ನು ಹೇರಳವಾಗಿ ತರಿಸುತ್ತಿದ್ದವು. ಟೆಕ್ಸಾಸ್‌ನ ಎಲ್ ಪಾಸೋ ಊರಿನ ಗ್ರೇಸ್ ಗಿಬ್ಸನ್ 1934ರಲ್ಲಿ ಸಿಡ್ನಿಗೆ ಬಂದದ್ದೇ ಆ ವ್ಯಾಪಾರ ನಡೆಸಲು. ಯುದ್ಧ ಬಂತು, ಡಾಲರ್ ಉಳಿಸಲು ಸರ್ಕಾರ ಮುದ್ರಿಕೆಗಳ ಆಮದಿಗೆ ತಡೆ ಹಾಕಿತು. ತಟ್ಟೆ ತರಿಸುವಂತಿಲ್ಲ, ಆದರೆ ಕಾಗದದ ಮೇಲಿನ ಕಥೆ ತರಿಸಬಹುದು. ಅಮೆರಿಕದ ಸ್ಕ್ರಿಪ್ಟ್ ಕೊಂಡು ಸಿಡ್ನಿಯ ನಟರ ಕೈಲಿ ಆಡಿಸುವ ಪದ್ಧತಿ ಇದರಿಂದ ಬಲವಾಯಿತು. ಗಿಬ್ಸನ್ 1944ರಲ್ಲಿ ತಮ್ಮದೇ ಕಂಪನಿ ತೆರೆದರು. ನಟರ ಸಂಘವೂ ಹೊರಗಿನ ಮುದ್ರಿಕೆಗಳ ವಿರುದ್ಧ ಬಹುಕಾಲ ಹೋರಾಡಿತು. ಸುವರ್ಣಯುಗವನ್ನು ಕಟ್ಟಿದ್ದು ಆಮದಿನ ಗೇಟು ಎಂಬ ಎರಡನೆಯ ವಾದ ಹುಟ್ಟಿದ್ದು ಇದರಿಂದ. ಸಾಕ್ಷ್ಯ ಗಟ್ಟಿಯಾಗಿಯೇ ಇದೆ: ಯುದ್ಧದ ವರ್ಷಗಳಲ್ಲಿ ಸ್ಥಳೀಯ ನಟರಿಗೆ, ಬರಹಗಾರರಿಗೆ ಹಿಂದೆಂದೂ ಕಾಣದಷ್ಟು ಕೆಲಸ ಸಿಕ್ಕಿತು. ಪೀಟರ್ ಫಿಂಚ್, ರಾಡ್ ಟೇಲರ್ ಮುಂದೆ ಲಂಡನ್, ಹಾಲಿವುಡ್‌ಗಳಲ್ಲಿ ಹೆಸರಾದರು. ಅವರು ಪಳಗಿದ್ದು ಸಿಡ್ನಿಯ ಮೈಕಿನ ಮುಂದೆ.

ಇದಕ್ಕೆ ಎದುರಾಗಿ, ಕಥೆ ಅಮೆರಿಕದ್ದು, ದನಿ ಮಾತ್ರ ನಮ್ಮದು, ಇದರಲ್ಲಿ ಸ್ವಂತದ್ದೇನು ಎಂದು ಕೇಳುವವರಿದ್ದಾರೆ. ಪರ್ತ್‌ನಲ್ಲಿ ಕೂತು ನ್ಯೂಯಾರ್ಕ್‌ನ ಗಲ್ಲಿಯ ಗುಂಡಿನ ಸದ್ದು ಕೇಳುವವನಿಗೆ ತನ್ನ ಊರಿನ ಅಪರಾಧದ ಬಗ್ಗೆ ಏನು ತಿಳಿಯುತ್ತದೆ? ಪ್ರಶ್ನೆ ನ್ಯಾಯವಾದದ್ದು. ಆದರೆ ಎರವಲಿನ ಲೆಕ್ಕವೂ ಒಂದೇ ದಿಕ್ಕಿಗೆ ಹರಿಯುವುದಿಲ್ಲ ಎಂಬುದಕ್ಕೆ ‘ದಿ ವಿಚಸ್ ಟೇಲ್’ ಸಾಕ್ಷಿ. 1931ರಲ್ಲಿ ನ್ಯೂಯಾರ್ಕ್‌ನಲ್ಲಿ ಅಲೊಂಜೊ ಡೀನ್ ಕೋಲ್ ಆರಂಭಿಸಿದ ಈ ಭಯಾನಕ ಕಥಾಮಾಲೆಯಲ್ಲಿ ಕಥೆ ಹೇಳುವವಳು ಓಲ್ಡ್ ನ್ಯಾನ್ಸಿ ಎಂಬ ಮಾಟಗಾತಿ ಮುದುಕಿ. ಕೋಲ್ ತಮ್ಮಲ್ಲಿದ್ದ ಮೂಲ ಮುದ್ರಿಕೆಗಳನ್ನು ಮುಂದೆ ತಾವೇ ನಾಶಮಾಡಿದರು. ಅದೇ ಸ್ಕ್ರಿಪ್ಟ್‌ಗಳನ್ನು ಆಸ್ಟ್ರೇಲಿಯಾದ ನಟರು ಮತ್ತೆ ಆಡಿದ್ದ ತಟ್ಟೆಗಳು ಉಳಿದುಕೊಂಡವು. ಇವತ್ತು ಅಮೆರಿಕದವರು ತಮ್ಮದೇ ಮೊದಲ ಬಾನುಲಿ ಭಯಕಥೆಗಳಲ್ಲಿ ಹಲವನ್ನು ಕೇಳುವುದು ಆಸ್ಟ್ರೇಲಿಯಾದ ಬಾಯಿಂದ.

ಸಂಪೂರ್ಣ ಸ್ಥಳೀಯ ಬರವಣಿಗೆಯೂ ಇತ್ತು. ‘ಸಾವಿರ ದನಿಯ ಮನುಷ್ಯ’ ಎಂದು ಹೆಸರಾಗಿದ್ದ ಜಾರ್ಜ್ ಎಡ್ವರ್ಡ್ಸ್ ಒಂದೇ ದೃಶ್ಯದಲ್ಲಿ ನಾಲ್ಕಾರು ಪಾತ್ರಗಳನ್ನು ತಾನೇ ಆಡುತ್ತ ‘ಇನ್ಸ್‌ಪೆಕ್ಟರ್ ಸ್ಕಾಟ್ ಆಫ್ ಸ್ಕಾಟ್ಲೆಂಡ್ ಯಾರ್ಡ್’ ತಯಾರಿಸಿದ. ಗಿಬ್ಸನ್ ಕಂಪನಿಗಾಗಿ ಲಿಂಡ್ಸೆ ಹಾರ್ಡಿ 1951ರಲ್ಲಿ ಬರೆದ ‘ಡೊಸಿಯರ್ ಆನ್ ಡ್ಯುಮೆಟ್ರಿಯಸ್’ ಆ ಕಾಲದ ದೊಡ್ಡ ಯಶಸ್ಸು. ಅದರ ಗೂಢಚಾರ ಮೇಜರ್ ಗ್ರೆಗರಿ ಕೀನ್ ಮುಂದಿನ ಧಾರಾವಾಹಿಗಳಲ್ಲೂ ಬಂದ. ಗಮನಿಸಬೇಕಾದ್ದು, ಬರೆದವ ಆಸ್ಟ್ರೇಲಿಯಾದವನಾದರೂ ಕೀನ್ ಓಡಾಡುವುದು ಯುದ್ಧ ಮುಗಿದ ಲಂಡನ್ನಿನಲ್ಲಿ. ಸ್ಕಾಟ್ ಹೆಸರಿನಲ್ಲೇ ಸ್ಕಾಟ್ಲೆಂಡ್ ಯಾರ್ಡ್ ಇದೆ. ಅಪರಾಧ ಎಂದರೆ ಬೇರೆಲ್ಲೋ ನಡೆಯುವುದು ಎಂಬ ಭಾವನೆ ಬರಹಗಾರರನ್ನೂ ಬಿಟ್ಟಿರಲಿಲ್ಲ.

ಆ ಗೋಡೆ ಒಡೆದದ್ದು ಮೆಲ್ಬರ್ನ್‌ನ ನಿರ್ಮಾಪಕ ಹೆಕ್ಟರ್ ಕ್ರಾಫರ್ಡ್. 1951ರಲ್ಲಿ ಶುರುವಾದ ‘ಡಿ24’ ವಿಕ್ಟೋರಿಯಾ ಪೊಲೀಸರ ಸಹಕಾರದಿಂದ, ಅವರ ನಿಜವಾದ ಪ್ರಕರಣಗಳನ್ನು ಆಧರಿಸಿ ತಯಾರಾಯಿತು. ಆ ಹೆಸರು ಪೊಲೀಸರ ಸಂಪರ್ಕ ಕೊಠಡಿಯದು. ಅಮೆರಿಕದಲ್ಲಿ 1949ರಲ್ಲಿ ಬಂದ ‘ಡ್ರ್ಯಾಗ್ನೆಟ್’ನ ನೆರಳು ಅದರ ಮೇಲಿದೆ ಎಂಬುದು ನಿಜ. ಹಾಗಿದ್ದರೂ ಆಸ್ಟ್ರೇಲಿಯಾದ ಬೀದಿ, ಆಸ್ಟ್ರೇಲಿಯಾದ ಪೇದೆ, ಆಸ್ಟ್ರೇಲಿಯಾದ ಉಚ್ಚಾರಣೆ ಪತ್ತೇದಾರಿಯೊಳಕ್ಕೆ ಧೈರ್ಯವಾಗಿ ಬಂದದ್ದು ಇಲ್ಲಿ. ನನ್ನ ದೃಷ್ಟಿಯಲ್ಲಿ ‘ಡ್ಯುಮೆಟ್ರಿಯಸ್’ಗಿಂತ ‘ಡಿ24’ ದೊಡ್ಡ ಕೆಲಸ. ಮೊದಲನೆಯದು ಕಟ್ಟುಮಸ್ತಾಗಿದ್ದರೂ ಯಾವ ದೇಶದಲ್ಲಾದರೂ ಬರೆಯಬಹುದಾಗಿದ್ದ ಕಥೆ.

ಅಡಿಲೇಡಿನ ಮ್ಯಾಕ್ಸ್ ಅಫರ್ಡ್

ಕೇಳುವುದಷ್ಟೇ ಈ ಮೂರು ಊರುಗಳ ಪಾಲಾಗಿತ್ತೆಂದರೆ ತಪ್ಪಾಗುತ್ತದೆ. 1906ರಲ್ಲಿ ಅಡಿಲೇಡಿನಲ್ಲಿ ಹುಟ್ಟಿದ ಮ್ಯಾಕ್ಸ್ ಅಫರ್ಡ್ ಪತ್ರಿಕೆಯಿಂದ ಬಾನುಲಿಗೆ ಬಂದು, ಅಲ್ಲಿನ 5ಡಿಎನ್ ಕೇಂದ್ರಕ್ಕಾಗಿ ನಾಟಕ ಬರೆಯುತ್ತ ಕೈ ಪಳಗಿಸಿಕೊಂಡ. 1936ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಶತಮಾನೋತ್ಸವಕ್ಕೆ ಅಡಿಲೇಡ್ ನಗರದ ನಕ್ಷೆ ಹಾಕಿದ ವಿಲಿಯಂ ಲೈಟ್ ಕುರಿತ ನಾಟಕಕ್ಕೆ ಬಹುಮಾನ ಪಡೆದ. ಅದೇ ವರ್ಷ ಸಿಡ್ನಿಯ ಎಬಿಸಿಗೆ ಹೋದ. ಜೆಫ್ರಿ ಬ್ಲ್ಯಾಕ್‌ಬರ್ನ್ ಎಂಬ ಪತ್ತೇದಾರನನ್ನು ಸೃಷ್ಟಿಸಿ ಕಾದಂಬರಿಗಳಲ್ಲೂ ಬಾನುಲಿಯಲ್ಲೂ ನಡೆಸಿದ. ರಂಗಕ್ಕೆ ಬರೆದ ‘ಲೇಡಿ ಇನ್ ಡೇಂಜರ್’ 1945ರಲ್ಲಿ ಬ್ರಾಡ್‌ವೇವರೆಗೂ ಹೋಯಿತು.

ಅವನ ‘ದಿ ಡೆಡ್ ಆರ್ ಬ್ಲೈಂಡ್’ (1937) ಕಾದಂಬರಿಯಲ್ಲಿ ಕೊಲೆ ನಡೆಯುವುದು ಬಾನುಲಿ ಕೇಂದ್ರದ ಒಳಗೆ, ನಾಟಕ ಪ್ರಸಾರವಾಗುತ್ತಿರುವಾಗಲೇ. ಬಿಬಿಸಿ ನಾಟಕ ವಿಭಾಗದ ಮುಖ್ಯಸ್ಥ ವ್ಯಾಲ್ ಗೀಲ್‌ಗಡ್ 1934ರಲ್ಲೇ ಅಂಥದೊಂದು ಕಥೆಯನ್ನು ಜೊತೆಗಾರನೊಡನೆ ಬರೆದಿದ್ದರು. ಕಸುಬು ಬಲ್ಲವರಿಗೆ ಈ ವಸ್ತು ಯಾಕೆ ಆಕರ್ಷಕ ಎಂಬುದು ಸ್ಪಷ್ಟ: ಸಾವಿರಾರು ಜನ ಕಿವಿಯ ಸಾಕ್ಷಿಗಳು, ಕಣ್ಣಿನ ಸಾಕ್ಷಿ ಒಬ್ಬನೂ ಇಲ್ಲ. ಪರ್ತ್‌ನಲ್ಲಿಯೂ ಅಲೆಕ್ಸಾಂಡರ್ ಟರ್ನರ್ 1930ರ ದಶಕದಲ್ಲಿ ಬಾನುಲಿಗೆಂದೇ ನಾಟಕಗಳನ್ನು ಬರೆದ. ಅವು ಅಪರಾಧದ ಕಥೆಗಳಲ್ಲ, ಪಶ್ಚಿಮ ಆಸ್ಟ್ರೇಲಿಯಾದ ಒಳನಾಡಿನ ಬದುಕು. ಎಬಿಸಿಯ ರಾಜ್ಯ ಕೇಂದ್ರಗಳಿಗೆ ತಮ್ಮದೇ ನಾಟಕ ತಂಡಗಳಿದ್ದವು. ಆದರೆ ಅಫರ್ಡ್ ಮಾಡಿದ್ದನ್ನೇ ಬಹಳ ಜನ ಮಾಡಿದರು. ಕೈ ಪಳಗಿತು ಎನ್ನುವಷ್ಟರಲ್ಲಿ ಸಿಡ್ನಿಯ ರೈಲು ಹತ್ತಿದರು.

ಕಾಣದ ಭಯ

ಇನ್ನೊಂದು ಪಂಥ ಹಣ, ಆಮದುಗಳನ್ನೆಲ್ಲ ಬದಿಗಿಟ್ಟು ಮಾಧ್ಯಮದ ಗುಣವನ್ನೇ ಕಾರಣವೆನ್ನುತ್ತದೆ. ಜರ್ಮನಿಯ ರುಡಾಲ್ಫ್ ಆರ್ನ್‌ಹೈಮ್ 1936ರ ‘ರೇಡಿಯೊ’ ಪುಸ್ತಕದಲ್ಲಿ ಬಾನುಲಿಯ ಕುರುಡುತನವನ್ನು ಕೊರತೆಯೆಂದು ನೋಡದೆ ಶಕ್ತಿಯೆಂದೇ ಎತ್ತಿಹಿಡಿದ. 1943ರಲ್ಲಿ ಅಮೆರಿಕದ ‘ಸಸ್ಪೆನ್ಸ್’ನಲ್ಲಿ ಬಂದ ಲುಸಿಲ್ ಫ್ಲೆಚರ್ ಅವರ ‘ಸಾರಿ, ರಾಂಗ್ ನಂಬರ್’ ಇದಕ್ಕೆ ಒಳ್ಳೆಯ ಉದಾಹರಣೆ. ಹಾಸಿಗೆ ಹಿಡಿದ ಹೆಂಗಸೊಬ್ಬಳು ಕ್ರಾಸ್ ಕನೆಕ್ಷನ್ನಿನಲ್ಲಿ ಇಬ್ಬರು ಕೊಲೆಯ ಸಂಚು ಮಾಡುವುದನ್ನು ಕೇಳಿಸಿಕೊಳ್ಳುತ್ತಾಳೆ. ಅವಳಿಗೂ ನಮಗೂ ಇರುವುದು ದನಿ ಮಾತ್ರ. ಆಪರೇಟರ್, ಪೊಲೀಸ್, ಯಾರಿಗೆ ಫೋನ್ ಮಾಡಿದರೂ ದೂರದ ನಿರ್ಲಿಪ್ತ ದನಿಗಳು. ಆ್ಯಗ್ನೆಸ್ ಮೂರ್‌ಹೆಡ್ ಅವರ ಉಸಿರು ಏರುತ್ತ ಹೋದಂತೆ ಕೇಳುಗನಿಗೂ ಅವಳ ಮಂಚ ಬಿಟ್ಟು ಎಲ್ಲಿಗೂ ಹೋಗಲು ಆಗುವುದಿಲ್ಲ.

ಇದೇ ಶಕ್ತಿ ಆತಂಕಕ್ಕೂ ಕಾರಣವಾಯಿತು. 1941ರಲ್ಲಿ ಅಮೆರಿಕದ ವೈದ್ಯೆ ಮೇರಿ ಪ್ರೆಸ್ಟನ್ ಸಿನಿಮಾದ ಭಯಾನಕ ದೃಶ್ಯ ಮತ್ತು ರೇಡಿಯೊದ ಅಪರಾಧ ಕಥೆಗಳು ಮಕ್ಕಳ ನಿದ್ದೆ, ನರಗಳ ಮೇಲೆ ಮಾಡುವ ಪರಿಣಾಮದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಆಸ್ಟ್ರೇಲಿಯಾದಲ್ಲೂ ಪಾದ್ರಿಗಳು, ತಾಯ್ತಂದೆಯರು ದೂರಿದರು. 1949ರಲ್ಲಿ ಬಂದ ಪ್ರಸಾರ ನಿಯಂತ್ರಣ ಮಂಡಳಿ ಕಾರ್ಯಕ್ರಮಗಳಿಗೆ ಮಾನದಂಡ ಹಾಕುವಾಗ ಈ ದೂರನ್ನೂ ಎದುರಿಗಿಟ್ಟುಕೊಳ್ಳಬೇಕಾಯಿತು. ಮಾಧ್ಯಮದ ಗುಣ ಎಲ್ಲವನ್ನೂ ವಿವರಿಸುತ್ತದೆ ಎನ್ನುವವರಿಗೆ ನನ್ನ ತಕರಾರು ಒಂದೇ: 1930ರಲ್ಲಿದ್ದ ಕುರುಡುತನ 1965ರಲ್ಲೂ ರೇಡಿಯೊಗೆ ಹಾಗೇ ಇತ್ತು. ಆದರೂ ರಾತ್ರಿಯ ಪತ್ತೇದಾರಿ ನಾಟಕ ಉಳಿಯಲಿಲ್ಲ.

ಕೊಂದವರು ಯಾರು?

ಟಿವಿ ಬಂತು, ರೇಡಿಯೊ ನಾಟಕ ಹೋಯಿತು ಎಂಬುದು ಎಲ್ಲರ ಬಾಯಲ್ಲಿರುವ ಉತ್ತರ. ರಿಚರ್ಡ್ ಲೇನ್ ತಮ್ಮ ‘ದಿ ಗೋಲ್ಡನ್ ಏಜ್ ಆಫ್ ಆಸ್ಟ್ರೇಲಿಯನ್ ರೇಡಿಯೊ ಡ್ರಾಮಾ’ ಗ್ರಂಥಕ್ಕೆ ಇಟ್ಟುಕೊಂಡ ಅವಧಿಯೇ 1923ರಿಂದ 1960. ಲೇನ್ ಸ್ವತಃ ಬಾನುಲಿಗೆ ಬರೆದವರು, ಒಳಗಿನ ಮನುಷ್ಯ. ತಯಾರಿಸಿದವರ ಹೆಸರು, ಮುಖ, ಕೆಲಸವನ್ನು ಇಷ್ಟು ಪ್ರೀತಿಯಿಂದ ದಾಖಲಿಸಿದ ಪುಸ್ತಕ ಇನ್ನೊಂದಿಲ್ಲ. ಜಾಕ್ವೆಲಿನ್ ಕೆಂಟ್ ಅವರ 1983ರ ‘ಔಟ್ ಆಫ್ ದಿ ಬೇಕಲೈಟ್ ಬಾಕ್ಸ್’ ಆ ಕಾಲದವರ ನೆನಪುಗಳನ್ನು ಉಳಿಸಿತು. ಬ್ರಿಜೆಟ್ ಗ್ರಿಫೆನ್-ಫೋಲಿ ಅವರ ‘ಚೇಂಜಿಂಗ್ ಸ್ಟೇಷನ್ಸ್’ (2009) ಖಾಸಗಿ ರೇಡಿಯೊ ಸಾಯಲಿಲ್ಲ, ವೇಷ ಬದಲಿಸಿತು ಎಂಬ ಚಿತ್ರವನ್ನು ಕೊಡುತ್ತದೆ. 1958ರಲ್ಲಿ ಸಿಡ್ನಿಯ 2ಯುಇ ಜನಪ್ರಿಯ ಹಾಡುಗಳ ಟಾಪ್ ಫಾರ್ಟಿ ಪದ್ಧತಿ ತಂದಿತು. ಟ್ರಾನ್ಸಿಸ್ಟರ್ ಬಂದು ರೇಡಿಯೊ ನಡುಮನೆಯಿಂದ ಜೇಬಿಗೆ, ಕಾರಿಗೆ, ಸಮುದ್ರದ ದಂಡೆಗೆ ಹೋಯಿತು. ದಂಡೆಯಲ್ಲಿ ಮಲಗಿದವನಿಗೆ ಮುಂದುವರಿಯುವ ಕೊಲೆಯ ಕಥೆ ಬೇಡ.

ಮೂರು ಊರುಗಳ ಮೂರು ವರ್ಷ ಈಗ ಮುಖ್ಯವಾಗುತ್ತವೆ. ಟಿವಿಯ ಆಕರ್ಷಣೆಯೊಂದೇ ಕಾರಣವಾಗಿದ್ದರೆ 1956ರಿಂದ 1959ರವರೆಗೆ ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳಲ್ಲಿ ಪತ್ತೇದಾರಿ ನಾಟಕ ಮೊದಲಿನಂತೆ ಕೊಬ್ಬಿರಬೇಕಿತ್ತು. ಕೇಳುಗರು ಅಲ್ಲೇ ಇದ್ದರು, ಕಿವಿ ಅದೇ, ಸಂಜೆಯೂ ಅದೇ. ಆದರೆ ತಟ್ಟೆ ತಯಾರಾಗುತ್ತಿದ್ದುದು ಸಿಡ್ನಿ, ಮೆಲ್ಬರ್ನ್‌ಗಳಲ್ಲಿ. ಒಂದು ಧಾರಾವಾಹಿಯ ಖರ್ಚು ಹುಟ್ಟಬೇಕಾದರೆ ಆ ಎರಡು ದೊಡ್ಡ ಮಾರುಕಟ್ಟೆಗಳ ಪ್ರಾಯೋಜಕರು ಬೇಕು. ಅವರ ಹಣ ಟಿವಿಯತ್ತ ತಿರುಗಿದ ಮೇಲೆ ಉಳಿದ ಮೂರು ಊರುಗಳ ಕೇಳುಗರೆಲ್ಲ ಸೇರಿದರೂ ಹೊಸ ಕಥೆಗೆ ದುಡ್ಡಾಗದು. ಅಡಿಲೇಡಿನ ಕೇಳುಗ ರೇಡಿಯೊವನ್ನು ಬಿಡುವ ಮೊದಲೇ ಅವನಿಗೆ ಬರಬೇಕಾದ ಹೊಸ ನಾಟಕದ ಬುಡ ಸಿಡ್ನಿಯಲ್ಲಿ ಸಡಿಲವಾಗಿತ್ತು.

ಈ ಓದಿಗೆ ಒಂದು ಬಲವಾದ ಆಧಾರವಿದೆ. ಸತ್ತದ್ದು ಎಲ್ಲ ಧಾರಾವಾಹಿಗಳೂ ಅಲ್ಲ. ಗಿಬ್ಸನ್ ಕಂಪನಿಯ ಹಗಲಿನ ಸಂಸಾರದ ಕಥೆಗಳು, ‘ಪೋರ್ಷಿಯಾ ಫೇಸಸ್ ಲೈಫ್’ 1970ರವರೆಗೆ, ‘ಡಾಕ್ಟರ್ ಪಾಲ್’ 1971ರವರೆಗೆ ನಡೆದವು. ಎಬಿಸಿಯ ‘ಬ್ಲೂ ಹಿಲ್ಸ್’ 1976ರವರೆಗೂ ಮುಂದುವರಿಯಿತು. ಕಿವಿಯ ಕಥೆಗೆ ಕೇಳುಗರು ಇರಲಿಲ್ಲ ಎಂಬುದು ಇದರಿಂದ ಸುಳ್ಳಾಗುತ್ತದೆ. ಹೋದದ್ದು ರಾತ್ರಿ, ಪ್ರಾಯೋಜಕರು ದುಬಾರಿ ಬೆಲೆ ಕೊಡುತ್ತಿದ್ದ ರಾತ್ರಿ. ಪತ್ತೇದಾರಿ ನಾಟಕ ಬದುಕಿದ್ದದ್ದು ಆ ಹೊತ್ತಿನಲ್ಲೇ.

ಇದು ಸಾವಲ್ಲ, ವಲಸೆ ಎನ್ನುವವರೂ ಇದ್ದಾರೆ. ಕ್ರಾಫರ್ಡ್ ಕಂಪನಿ ‘ಡಿ24’ರಲ್ಲಿ ಕಲಿತದ್ದನ್ನೇ ಹಿಡಿದು 1964ರಲ್ಲಿ ಟಿವಿಗೆ ‘ಹೋಮಿಸೈಡ್’ ತಯಾರಿಸಿತು. ಆಸ್ಟ್ರೇಲಿಯಾದ ಟಿವಿ ಪೊಲೀಸ್ ನಾಟಕಗಳ ವಂಶ ಶುರುವಾಗುವುದು ಅಲ್ಲಿಂದ. ಕಥೆ ಹೇಳುವ ಕೈಗಳು ಉಳಿದವು ಎಂಬುದನ್ನು ಒಪ್ಪುತ್ತೇನೆ. ಅಫರ್ಡ್ 1954ರಲ್ಲೇ ತೀರಿಕೊಂಡಿದ್ದ. ಅವನಂಥವರು ಕಿವಿಗೆಂದೇ ಕಟ್ಟಿದ ಕಸುಬು ಕಣ್ಣಿನ ಪೆಟ್ಟಿಗೆಗೆ ದಾಟಲಿಲ್ಲ.

ಇತ್ಯರ್ಥವಾಗದೆ ಉಳಿದದ್ದು

ಮೊದಲನೆಯದು ಕೇಳುಗರ ಪ್ರಶ್ನೆ. ಪ್ರಾಯೋಜಕರು ಎಣಿಸಿದ್ದು ತಲೆಗಳನ್ನು. ಪರ್ತ್‌ನ ಗೃಹಿಣಿಗೆ ಲಂಡನ್ನಿನ ಗೂಢಚಾರ ಏನಾಗಿದ್ದ, ಬ್ರಿಸ್ಬೇನಿನ ಹುಡುಗನಿಗೆ ‘ಡಿ24’ರ ಮೆಲ್ಬರ್ನ್ ಉಚ್ಚಾರಣೆ ತನ್ನದೆನಿಸಿತೋ ಪರಕೀಯವೆನಿಸಿತೋ ಎಂಬುದನ್ನು ಎಣಿಕೆ ಹೇಳದು. ಪತ್ರಗಳು, ಡೈರಿಗಳು, ಸ್ಥಳೀಯ ಪತ್ರಿಕೆಗಳ ಓದುಗರ ಅಂಕಣಗಳನ್ನು ಊರೂರಿನಲ್ಲಿ ಜಾಲಾಡಿದ ಹೊರತು ಎರವಲು-ಸ್ವಂತದ ಜಗಳಕ್ಕೆ ಕೇಳುಗನ ಕಡೆಯ ಸಾಕ್ಷಿ ಸಿಗುವುದಿಲ್ಲ.

ಎರಡನೆಯದು ಉಳಿದದ್ದರ ಪಕ್ಷಪಾತ. ಮಾರಾಟಕ್ಕೆಂದು ಹಲವು ಪ್ರತಿ ಮಾಡಿದ ಸಿಡ್ನಿಯ ಧಾರಾವಾಹಿಗಳು ಉಳಿದವು. ಗಿಬ್ಸನ್ ಕಂಪನಿಯ ಕಥೆಗಳನ್ನು ಸಮುದಾಯ ಬಾನುಲಿ ಕೇಂದ್ರಗಳು ಇಂದಿಗೂ ಕೊಂಡು ಪ್ರಸಾರ ಮಾಡುತ್ತವೆ. ಕ್ಯಾನ್‌ಬೆರಾದಲ್ಲಿ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ ಸ್ಥಾಪನೆಯಾದದ್ದು 1984ರಲ್ಲಿ. ಅಷ್ಟರೊಳಗೆ ಎಷ್ಟೋ ತಟ್ಟೆಗಳು ಕಸಕ್ಕೆ ಹೋಗಿದ್ದವು. ಅಡಿಲೇಡ್, ಪರ್ತ್, ಬ್ರಿಸ್ಬೇನ್ ಸ್ಟುಡಿಯೋಗಳಿಂದ ನೇರವಾಗಿ ಪ್ರಸಾರವಾದ ನಾಟಕಗಳಿಗೆ ತಟ್ಟೆಯ ಭಾಗ್ಯವೇ ಇರಲಿಲ್ಲ. ಸುವರ್ಣಯುಗ ಸಿಡ್ನಿಯದಾಗಿ ಕಾಣುವುದು ಅದು ಅಲ್ಲೇ ನಡೆದದ್ದರಿಂದಲೋ, ಅಲ್ಲಿನದು ಮಾತ್ರ ಉಳಿದದ್ದರಿಂದಲೋ?

ಮೂರನೆಯದು ಆ ಮೂರು ವರ್ಷಗಳದೇ. 1956ರಿಂದ 1959ರವರೆಗೆ ಮೂರೂ ಊರಿನ ಕೇಂದ್ರಗಳು ರಾತ್ರಿ ಹಾಕಿದ ಪತ್ತೇದಾರಿ ನಾಟಕಗಳಲ್ಲಿ ಹೊಸದೆಷ್ಟು, ಹಳೆಯ ತಟ್ಟೆಯ ಮರುಪ್ರಸಾರವೆಷ್ಟು? ದಿನಪತ್ರಿಕೆಗಳ ರೇಡಿಯೊ ವೇಳಾಪಟ್ಟಿಗಳನ್ನು ಸಾಲುಸಾಲಾಗಿ ಹೋಲಿಸಿದರೆ ತಿಳಿಯುವ ಸಂಗತಿಯಿದು. ಹೊಸದು ಕಡಿಮೆ ಎಂದಾದರೆ ಮೇಲೆ ಹೇಳಿದ ಪ್ರಾಯೋಜಕರ ವಾದ ನಿಲ್ಲುತ್ತದೆ. ಹೊಸ ಧಾರಾವಾಹಿಗಳು ಅಲ್ಲಿ ಮೊದಲಿನಷ್ಟೇ ಬರುತ್ತಿದ್ದವು ಎಂದು ಕಂಡುಬಂದರೆ ಆ ವಾದ ಬೀಳುತ್ತದೆ, ಟಿವಿಯೇ ಕಾರಣ ಎಂಬ ಸರಳ ಉತ್ತರಕ್ಕೆ ನಾವೆಲ್ಲ ಮರಳಬೇಕಾಗುತ್ತದೆ.